ಕುಂಚ ಹಿಡಿದವನ ಹೆಸರು

ಚೀನಾದ ಶೆನ್‌ಜೆನ್ ನಗರದಲ್ಲಿ ದಾಫೆನ್ ಎಂಬ ಊರಿದೆ. 1989ರಲ್ಲಿ ಹಾಂಗ್‌ಕಾಂಗ್‌ನ ವರ್ತಕ ಹ್ವಾಂಗ್ ಜಿಯಾಂಗ್ ಒಂದಷ್ಟು ಚಿತ್ರಗಾರರನ್ನು ಕಟ್ಟಿಕೊಂಡು ಬಂದು ಅಲ್ಲಿ ಬಿಡಾರ ಹೂಡಿದ. ಬಾಡಿಗೆಯೂ ಅಗ್ಗ, ಕೂಲಿಯೂ ಅಗ್ಗ. ನೋಡನೋಡುತ್ತಿದ್ದಂತೆ ಮೊನಾಲಿಸಾ, ವ್ಯಾನ್ ಗೋನ ಸೂರ್ಯಕಾಂತಿಗಳ ನಕಲುಗಳು ಹಡಗೇರಿ ಯುರೋಪು, ಅಮೆರಿಕದ ಗೋಡೆಗಳನ್ನು ಸೇರತೊಡಗಿದವು. ಅಚ್ಚು ಹಾಕಿದವಲ್ಲ, ಒಂದೊಂದೂ ಕೈಯಲ್ಲೇ ಬರೆದದ್ದು.

ಅಲ್ಲಿನ ಝಾವೊ ಶಿಯಾವೊಯೋಂಗ್ ಸುಮಾರು ಇಪ್ಪತ್ತು ವರ್ಷ ವ್ಯಾನ್ ಗೋನ ಚಿತ್ರಗಳನ್ನೇ ಬರೆದವನು. ಪುಸ್ತಕದ ಪುಟ ನೋಡಿ ಬರೆಯುವುದು, ಒಗೆದ ಬಟ್ಟೆಯಂತೆ ತಂತಿಗೆ ತೂಗುಹಾಕುವುದು, ಅದರಡಿಯಲ್ಲೇ ಮಲಗುವುದು. ಮನೆಮಂದಿಗೂ ಇದೇ ಕಸುಬು. 2016ರ ‘ಚೈನಾಸ್ ವ್ಯಾನ್ ಗೋಸ್’ ಸಾಕ್ಷ್ಯಚಿತ್ರದಲ್ಲಿ ಆತ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಾನೆ. ತನ್ನ ಚಿತ್ರಗಳು ಗ್ಯಾಲರಿಯಲ್ಲಿವೆ ಎಂದುಕೊಂಡಿದ್ದವನಿಗೆ ಅವು ಕಂಡದ್ದು ಪ್ರವಾಸಿಗರ ಸ್ಮರಣಿಕೆ ಅಂಗಡಿಯಲ್ಲಿ. ಬೆಲೆಯೋ ತನಗೆ ಸಿಕ್ಕಿದ್ದರ ಎಷ್ಟೋ ಪಟ್ಟು. ಮ್ಯೂಸಿಯಮ್ಮಿನಲ್ಲಿ ಮೂಲಚಿತ್ರದ ಮುಂದೆ ನಿಂತಾಗ ಇನ್ನೊಂದು ಪೆಟ್ಟು: ಬಣ್ಣವೇ ಬೇರೆ. ಊರಿಗೆ ಮರಳಿದವನು ತನ್ನ ಅಜ್ಜಿಯ ಚಿತ್ರ ಬರೆಯಲು ಕುಳಿತ.

ನಕಲು ಎಂದರೆ ಮೂಗು ಮುರಿಯಬೇಕಾಗಿಲ್ಲ. 1889-90ರಲ್ಲಿ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ವ್ಯಾನ್ ಗೋನೇ, ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಕಪ್ಪುಬಿಳುಪು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದರ ಮೇಲೊಂದು ಬರೆದ. ಬಣ್ಣ ಮಾತ್ರ ಅವನದೇ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇಂದಿಗೂ ಅನುಮತಿ ಪಡೆದು ಮೂಲಚಿತ್ರದೆದುರೇ ಈಸೆಲ್ ಹೂಡಬಹುದು. ಅಳತೆ ಮೂಲದಷ್ಟೇ ಇರಕೂಡದು, ಮೂಲ ಕಲಾವಿದನ ಸಹಿ ಹಾಕಕೂಡದು. ವಂಚನೆಗೆ ಬಾಗಿಲು ಮುಚ್ಚಲು ಎಂಥ ಸರಳ ಉಪಾಯ!

ಹಾಗಾಗಿ ಮನೆಗೊಂದು ಸೂರ್ಯಕಾಂತಿ ಬೇಕೆನಿಸಿದವರು ಧಾರಾಳವಾಗಿ ಕೊಳ್ಳಲಿ. ಆ ಹಳದಿ ಕೋಟ್ಯಧಿಪತಿಗಳಿಗಷ್ಟೇ ಯಾಕೆ ಮೀಸಲಾಗಬೇಕು? (ಚಿತ್ರಕಾರ ಎಂ.ಎಫ್. ಹುಸೇನರ ಕುದುರೆ ಬೇಕೆಂದರೆ ಕೊಂಚ ತಡೆಯಿರಿ. ಅವರು ತೀರಿಕೊಂಡದ್ದು 2011ರಲ್ಲಿ. ನಮ್ಮ ಕಾಯ್ದೆಯ ಪ್ರಕಾರ ಕೃತಿಸ್ವಾಮ್ಯ ಆ ಬಳಿಕವೂ ಅರವತ್ತು ವರ್ಷ, ಅಂದರೆ 2071ರವರೆಗೆ ಉಂಟು.) ನನ್ನ ತಕರಾರು ಬೇರೆ. ಚೌಕಾಸಿಗೆ ಇಳಿದಾಗ ನಾವು ಕೇಳುವುದು ‘ಒರಿಜಿನಲ್ ಥರಾನೇ ಇದೆಯಾ?’ ಎಂದು. ಬರೆದವರು ಯಾರು, ಅವರಿಗೆ ಎಷ್ಟು ಸಂದಿತು ಎಂದು ಕೇಳುವವರಿಲ್ಲ. ಅವರ ಹೆಸರನ್ನೂ ಬಿಲ್ಲಿನಲ್ಲಿ ಬರೆದುಕೊಡಿ ಎಂದು ನೋಡಿ, ಅಂಗಡಿಯವರು ನಮ್ಮ ಮುಖವನ್ನೇ ದಿಟ್ಟಿಸುತ್ತಾರೆ.