ರೆಕ್ಕೆಯಿರುವೆಗಳೂ ಶ್ರಾವಕನ ಅಣುವ್ರತವೂ



ಮುಂಗಾರಿನ ಮೊದಲ ಮಳೆಗಳಿಗೆ ನೆಲ ತಣಿದ ಸಂಜೆಗಳಲ್ಲಿ, ಮನೆಯ ತೊಲೆ ಚೌಕಟ್ಟುಗಳ ಸಂದಿನಿಂದ ರೆಕ್ಕೆಯುಳ್ಳ ಕರಿಯಿರುವೆಗಳು ಗುಂಪಾಗಿ ಹೊರಟು ದೀಪವನ್ನು ಮುತ್ತುವುದುಂಟು. ಗೊದ್ದದ ಬಳಗದ ಈ ಇರುವೆಗಳಲ್ಲಿ ಮರದೊಳಗೆ ಗೂಡು ಕೊರೆಯುವವನ್ನು ಬಡಗಿ ಇರುವೆಗಳೆನ್ನುತ್ತಾರೆ. ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸವಿರುವ ಮನೆಯಲ್ಲಿಯೇ, ಅದೇ ಸಂಜೆ ವಿಷ ಸಿಂಪಡಿಸಿ ಇವನ್ನು ಕೊಲ್ಲುವುದಾದರೆ ಆ ಉಪವಾಸದ ಗತಿಯೇನು?

ಇರುವೆಯು ತ್ರೀಂದ್ರಿಯ ತ್ರಸಜೀವಿ. ಸ್ಪರ್ಶನ, ರಸನ, ಘ್ರಾಣವೆಂಬ 3 ಇಂದ್ರಿಯಗಳೂ ಕಾಯಬಲ, ವಚನಬಲ, ಆಯು, ಶ್ವಾಸೋಚ್ಛ್ವಾಸಗಳೂ ಸೇರಿ ಅದಕ್ಕೆ 7 ಪ್ರಾಣಗಳು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವು. ಆದರೆ ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ತೊರೆಯುವುದೇ ಅವನ ಅಹಿಂಸಾಣುವ್ರತ.

“ಇರುವೆ ಮನೆಯನ್ನು ಕೆಡಿಸುವ ಶತ್ರು; ಕೊಂದರೆ ಅದು ವಿರೋಧೀ ಹಿಂಸೆಯಷ್ಟೆ” ಎಂದು ಕೆಲವರು ವಾದಿಸಬಹುದು. ಬಡಗಿ ಇರುವೆಯು ಗೆದ್ದಲಿನಂತೆ ಮರವನ್ನು ತಿನ್ನುವುದಿಲ್ಲ. ವಾಸಕ್ಕಾಗಿ ಕೊರೆದು ಹೊಟ್ಟನ್ನು ಹೊರಚೆಲ್ಲುತ್ತದೆ. ಬಹುಮಟ್ಟಿಗೆ ಅದು ಆರಿಸುವುದು ನೀರು ಕುಡಿದು ಮೆತ್ತಗಾದ ಮರವನ್ನು. ಸೋರುವ ಸೂರನ್ನು ಸರಿಪಡಿಸದೆ ತಾನೇ ಗೂಡಿಗೆ ಎಡೆಗೊಟ್ಟವನು, ಬಂದ ಜೀವವನ್ನು ವಿರೋಧಿಯೆಂದು ಕರೆಯುವುದು ನ್ಯಾಯವೇ? ಪ್ರಮಾದವನ್ನು ಹಿಂಸೆಯ ಮೂಲವಾಗಿ ಕಾಣುವ ತತ್ತ್ವಾರ್ಥಸೂತ್ರದ ಮರ್ಮವಿದು. ವಿಷ ಕೈಗೆ ಬರುವ ಮೊದಲೇ ನಮ್ಮ ಆಲಸ್ಯದಲ್ಲಿ ಹಿಂಸೆಯ ಬೀಜ ಬಿದ್ದಿರುತ್ತದೆ.

ಈ ಹಾರಾಟ ಇರುವೆಗಳ ಕೂಟದ ಕಾಲ. ಕೂಟವಾದ ಬಳಿಕ ಗಂಡಿರುವೆಗಳು ಬೇಗನೆ ಸಾಯುತ್ತವೆ. ರಾಣಿಯಾದರೋ ರೆಕ್ಕೆಗಳನ್ನು ತಾನೇ ಕಳಚಿ, ಸಂದೊಂದನ್ನು ಸೇರಿ, ಮೊದಲ ಮರಿಗಳು ಬೆಳೆದು ಆಹಾರ ತರುವ ತನಕ ಹೊರಬಾರದೆ ಇರುತ್ತದೆ. ಮೈಯ ಕೊಬ್ಬನ್ನೂ ಹಾರಲು ಇದ್ದ ಸ್ನಾಯುಗಳನ್ನೂ ಕರಗಿಸಿ ಅವನ್ನು ಸಾಕುತ್ತದೆ. ಮನಸ್ಸಿಲ್ಲದ ಅಸಂಜ್ಞಿ ಜೀವಕ್ಕೆ ಸಂಕಲ್ಪವಿಲ್ಲ; ಆದುದರಿಂದ ಅದು ಹಸಿವು ಮಾತ್ರ, ವ್ರತವಲ್ಲ. ನಮಗೆ ಮನಸ್ಸಿದೆ. ಹಸಿವಿಗೆ ವ್ರತದ ಹೆಸರು ಬರುವುದು ಸಂಕಲ್ಪದಿಂದ, ದಯೆಯಿಂದ. ದಯೆಯನ್ನು ಬಿಟ್ಟ ನಮ್ಮ ಉಪವಾಸವು ಆ ಇರುವೆಯ ಹಸಿವಿಗಿಂತ ಹಿರಿದೆಂದು ಹೇಗೆ ಹೇಳೋಣ?

ಆದುದರಿಂದ ಶ್ರಾವಕ ಶ್ರಾವಿಕೆಯರು ಮಳೆಗಾಲಕ್ಕೆ ಮುನ್ನವೇ ಸೂರನ್ನು ಭದ್ರಪಡಿಸಲಿ. ಕೊಳೆತ ಮರವನ್ನು ಬದಲಾಯಿಸಲಿ. ಸೌದೆಯನ್ನು ಗೋಡೆಗೆ ಒರಗಿಸದಿರಲಿ. ಸಿಹಿ ಪದಾರ್ಥಗಳನ್ನು ಮುಚ್ಚಿಡಲಿ. ಇರುವೆಗಳು ಹಾರುವ ಸಂಜೆ ಒಳಗಿನ ದೀಪವಾರಿಸಿ, ಕಿಟಕಿ ತೆರೆದು ಹೊರದಾರಿ ಮಾಡಿಕೊಡಲಿ. ನೆಲಕ್ಕೆ ಬಿದ್ದವನ್ನು ಮೃದುವಾದ ಬಟ್ಟೆಯಿಂದ ಮೆಲ್ಲನೆ ಸರಿಸಲಿ. ಸೂರ್ಯಾಸ್ತಕ್ಕೆ ಮುನ್ನ ಭೋಜನ ಮುಗಿಸುವ ರಾತ್ರಿಭೋಜನ ತ್ಯಾಗಿಗೆ ಇದು ಕಷ್ಟವಲ್ಲ. ಅವನ ಅಡುಗೆಮನೆಯಲ್ಲಿ ಆ ಹೊತ್ತಿಗೆ ಒಲೆಯೂ ದೀಪವೂ ಬೇಕಾಗಿರುವುದಿಲ್ಲ.

ಚಾತುರ್ಮಾಸದಲ್ಲಿ ಉಪವಾಸಗಳನ್ನು ಎಣಿಸುವಾಗ, ನಮ್ಮ ಎಚ್ಚರದಿಂದ ಬದುಕುಳಿದ ಈ ಕಿರುಜೀವಗಳನ್ನೂ ನೆನೆಯೋಣ. ವ್ರತದ ನಿಜವಾದ ಪಾರಣೆಯು ಅಲ್ಲಿದೆ.

ಜಯ ಜಿನೇಂದ್ರ.