ಗುಣಪಡಿಸಿದವನ ಹೊಣೆ

ರೋಗವನ್ನು ನೀಗಿಸಿದ ಚಿಕಿತ್ಸೆಯೇ ಬಹುಕಾಲದ ಮೇಲೆ ಮತ್ತೊಂದು ರೋಗಕ್ಕೆ ಕಾರಣವಾದರೆ ಹೊಣೆ ಯಾರದು? ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರು ತರುಣರನ್ನೂ ಬಾಧಿಸುವಂಥದು. ಒಂದು ಕಾಲಕ್ಕೆ ಮೃತ್ಯುವಿನ ಇನ್ನೊಂದು ಹೆಸರೇ ಆಗಿತ್ತು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹೆನ್ರಿ ಕಪ್ಲಾನ್, ಸಾಲ್ ರೋಸೆನ್‌ಬರ್ಗ್ ಮೊದಲಾದವರು ಕುತ್ತಿಗೆ, ಎದೆ, ಕಂಕುಳುಗಳಿಗೆ ವಿಕಿರಣವನ್ನು ಹಾಯಿಸಿ ಅನೇಕರನ್ನು ಬದುಕಿಸಿದರು.

1993ರಲ್ಲಿ ಅದೇ ಸ್ಟ್ಯಾನ್‌ಫರ್ಡಿನ ವೈದ್ಯರು, ತಮ್ಮಲ್ಲಿ ಚಿಕಿತ್ಸೆ ಪಡೆದ 885 ಮಹಿಳೆಯರಲ್ಲಿ 25 ಮಂದಿಗೆ ಸ್ತನ ಕ್ಯಾನ್ಸರು ಬಂದುದನ್ನು ಪ್ರಕಟಿಸಿದರು. ಅದು ಸಾಮಾನ್ಯ ನಿರೀಕ್ಷೆಯ ಸುಮಾರು ನಾಲ್ಕು ಪಟ್ಟು. ತಮ್ಮ ಕೀರ್ತಿಗೆ ಆಧಾರವಾದ ಚಿಕಿತ್ಸೆಯ ಕೇಡನ್ನು ತಾವೇ ಎಣಿಸಿ ಹೇಳುವುದು ಸಾಮಾನ್ಯವಾದ ಪ್ರಾಮಾಣಿಕತೆಯಲ್ಲ.

ಬದುಕಿ ಉಳಿದವರಿಗೆ ಮಾತ್ರವೇ ಎರಡನೆಯ ಕ್ಯಾನ್ಸರು ಬರಲು ಸಾಧ್ಯ, ಆದ್ದರಿಂದ ವೈದ್ಯನು ನಿರ್ದೋಷಿ ಎಂಬ ವಾದವುಂಟು. ವಾದವು ಸುಳ್ಳಲ್ಲ, ಅಪೂರ್ಣ. ಸದುದ್ದೇಶವು ಅವನನ್ನು ಅಪರಾಧದಿಂದ ಬಿಡಿಸೀತು. ಫಲವನ್ನು ನೋಡುವ ಕರ್ತವ್ಯದಿಂದ ಬಿಡಿಸಲಾರದು. ಹಾಗೆ ನೋಡಿದುದರಿಂದಲೇ ವಿಕಿರಣದ ಕ್ಷೇತ್ರ ಕಿರಿದಾಯಿತು, ಔಷಧಗಳು ಬದಲಾದವು. ಆದರೂ, 3905 ಮಂದಿಯನ್ನು ಕುರಿತ 2015ರ ಡಚ್ ಅಧ್ಯಯನದಲ್ಲಿ, 35 ವರ್ಷಗಳ ಅನಂತರವೂ ಅಪಾಯ ಸಾಮಾನ್ಯಕ್ಕಿಂತ ಹೆಚ್ಚಾಗಿಯೇ ಇತ್ತು.

ಎಳೆಯ ವಯಸ್ಸಿನಲ್ಲಿ ಎದೆಗೆ ವಿಕಿರಣ ಪಡೆದ ಮಹಿಳೆಯರು ಇತರರಿಗಿಂತ ಬಹಳ ಮೊದಲೇ ಸ್ತನ ತಪಾಸಣೆಯನ್ನು ಆರಂಭಿಸಬೇಕೆಂದು ಇಂದು ವೈದ್ಯರು ಹೇಳುತ್ತಾರೆ. ರೋಗವನ್ನು ಮರೆತು ಸಂಸಾರ ನಡೆಸುತ್ತಿರುವವಳನ್ನು ಮತ್ತೆ ಕಳವಳಕ್ಕೆ ಗುರಿಮಾಡುವುದು ಹಿಂಸೆಯಲ್ಲವೇ ಎಂದು ಕೇಳಬಹುದು. ಅದೂ ಒಂದು ನೋವೇ, ನಿಜ. ಆದರೆ ಬೇಗ ಪತ್ತೆಯಾದ ಗಡ್ಡೆಗೆ ಚಿಕಿತ್ಸೆ ಸುಲಭ. ಹೇಳದೆ ಉಳಿದರೆ ಆ ಅವಕಾಶ ಅವಳ ಕೈತಪ್ಪುತ್ತದೆ.