ಮಾಂಸದಂಗಡಿಗೆ ಹೋದ ಶಿಷ್ಯ

ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನ ಕಥೆ ಬರುತ್ತದೆ. ತಲೆಯ ಮೇಲೆ ಹಿಕ್ಕೆ ಹಾಕಿದ ಕೊಕ್ಕರೆಯನ್ನು ಬರೀ ನೋಟದಿಂದ ಕೊಂದ ತಪಸ್ವಿ ಈತ. ಭಿಕ್ಷೆಗೆ ಹೋದ ಮನೆಯಲ್ಲಿ ಗಂಡನ ಉಪಚಾರ ಮುಗಿಸಿ ತಡವಾಗಿ ಬಂದ ಗೃಹಿಣಿಯ ಮೇಲೂ ಸಿಡುಕಿದ. ತಾನು ಕೊಕ್ಕರೆಯಲ್ಲ ಎಂದು ಆಕೆ ತಣ್ಣಗೆ ನೆನಪಿಸಿದಳು. ಧರ್ಮ ತಿಳಿಯಬೇಕಿದ್ದರೆ ಮಿಥಿಲೆಗೆ ಹೋಗಿ ಒಬ್ಬ ವ್ಯಾಧನನ್ನು ಕಾಣು ಎಂದಳು. ಹೋಗಿ ನೋಡಿದರೆ ವ್ಯಾಧ ಗಿರಾಕಿಗಳ ಗದ್ದಲದ ನಡುವೆ ಮಾಂಸ ಮಾರುತ್ತಿದ್ದಾನೆ. ಕೌಶಿಕ ಒಂದು ಬದಿಗೆ ಸರಿದು ನಿಂತ.

ಗುರುವನ್ನು ಹುಡುಕಿಕೊಂಡು ಕಾಡಿಗೋ ಮಠಕ್ಕೋ ಹೋದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗುರು ದುಡಿಯುವ ಜಾಗಕ್ಕೇ, ಅದೂ ವ್ಯಾಪಾರದ ಹೊತ್ತಿನಲ್ಲೇ ಹೋದ ಕಥೆ ಅಪರೂಪ.

ನಮ್ಮ ಶಾಲೆಗಳಲ್ಲೂ ಅದು ಅಪರೂಪವೇ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗುತ್ತದೆ. ನಾಡಿನ ಉಳಿದ ಕಡೆಯಂತೆ ಇಲ್ಲಿಯೂ ಹೊರಸಂಚಾರ ಎಂದೊಡನೆ ಮೇಷ್ಟ್ರುಗಳಿಗೆ ನೆನಪಾಗುವುದು ಅಂಚೆ ಕಚೇರಿ, ಬ್ಯಾಂಕು, ಪೊಲೀಸ್ ಠಾಣೆ; ಬಸ್ಸು ಸಿಕ್ಕರೆ ಯಾವುದಾದರೂ ಕಾರ್ಖಾನೆ. ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗು ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಜೊತೆ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆ ಪಟ್ಟಿಯಲ್ಲಿ ಮಾಂಸದಂಗಡಿ ಇಲ್ಲ. ಭಾನುವಾರ ಬೆಳಿಗ್ಗೆ ಅರ್ಧ ಊರೇ ಅದರ ಮುಂದೆ ನಿಂತಿರುತ್ತದೆ ಎಂಬುದು ಬೇರೆ ಮಾತು.

ಮಕ್ಕಳಿಗೆ ತೋರಿಸಲು ಯೋಗ್ಯವಾದ ಕೆಲಸ ಯಾವುದು ಎಂಬುದು ಕೇಳಲು ಸಣ್ಣ ಪ್ರಶ್ನೆ. ಯಾರ ದುಡಿಮೆಗೆ ಗೌರವವಿದೆ, ಯಾರದಕ್ಕಿಲ್ಲ ಎಂಬುದನ್ನು ಉತ್ತರವೇ ಬಯಲು ಮಾಡಿಬಿಡುತ್ತದೆ. ಹನ್ನೆರಡನೇ ಶತಮಾನದ ಶರಣರು ಈ ಗಂಟನ್ನು ಬಿಚ್ಚಲು ಹೊರಟವರು. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದ, ಮೇದಾರ ಕೇತಯ್ಯ ಬುಟ್ಟಿ ಹೆಣೆಯುತ್ತಿದ್ದ, ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆಯುತ್ತಿದ್ದ. ಅವರ ಕಸುಬು ಅವರ ಹೆಸರಿನಲ್ಲೇ ಉಳಿಯಿತು. ಈಗ ಕಾಯಕದ ಘೋಷವಾಕ್ಯ ಬರೆಸಿಕೊಳ್ಳದ ಶಾಲೆಯ ಗೋಡೆ ಹುಡುಕಬೇಕು. ಆ ಶಾಲೆಯಿಂದ ಹೊರಟ ಬಸ್ಸು ಮಾತ್ರ ಅಗಸರ ಕಲ್ಲಿನ ಹತ್ತಿರ ನಿಲ್ಲುವುದಿಲ್ಲ.

ನಿಲ್ಲಬಹುದಾದ ಜಾಗಗಳಿಗೇನೂ ಬರವಿಲ್ಲ. ಶಿರಾ, ಪಾವಗಡ, ಪಕ್ಕದ ಚಳ್ಳಕೆರೆ ಎಲ್ಲವೂ ಕುರಿಯ ಸೀಮೆ, ಕಂಬಳಿಯ ಸೀಮೆ. ಕಂಬಳಿ ನೇಯುವಲ್ಲಿ ನೋಡುವುದಕ್ಕೆ ಎಷ್ಟೊಂದಿದೆ! ಉಣ್ಣೆ ಕತ್ತರಿಸಿ, ಹಿಂಜಿ, ನೂತ ಮೇಲೆ ಹಾಸಿನ ಎಳೆಗಳನ್ನು ಉದ್ದಕ್ಕೆ ಬಿಗಿದು ಕಟ್ಟುತ್ತಾರೆ. ಹುಣಸೆ ಬೀಜ ಅರೆದು ಬೇಯಿಸಿದ ಗಂಜಿಯನ್ನು ಕುಂಚದಿಂದ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ಕುಡಿಯದ ಉಣ್ಣೆ ಮಗ್ಗದಲ್ಲಿ ಪಟಪಟನೆ ಹರಿಯುತ್ತದೆ. ನೇಕಾರ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುತ್ತಾನೆ. ಕರಿ ಕುರಿಯ ಉಣ್ಣೆಗೆ ಬಣ್ಣವೇ ಬೇಡ. ಹೀಗೆ ತಯಾರಾದ ಕಂಬಳಿಯನ್ನೇ ಹಾಸಿ, ಅದರ ಮೇಲೆ ದೇವರನ್ನು ಕೂರಿಸಿ ಗದ್ದಿಗೆ ಮಾಡುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ನೆಲೆಸಿರುವ ಕಾಡುಗೊಲ್ಲರ ಜುಂಜಪ್ಪನೂ ದನ ಕಾದ ವೀರನೇ. ಅವನ ಕಾವ್ಯವನ್ನು ಹಾಡುವಾಗ ನುಡಿಸುವ ಗಣೆಯೂ ದನಗಾಹಿಯ ಕೊಳಲೇ. ದುಡಿಮೆಯನ್ನು ದೇವರಾಗಿಸುವ ಕೆಲಸವನ್ನು ಈ ಸೀಮೆ ಯಾವ ನೀತಿಯ ಕಡತಕ್ಕೂ ಕಾಯದೆ ಮಾಡಿ ಮುಗಿಸಿದೆ.

ಆದರೆ ಎಚ್ಚರ ಬೇಕಾದದ್ದೂ ಇಲ್ಲೇ. ಮಿಥಿಲೆಯ ವ್ಯಾಧ ಅಷ್ಟೆಲ್ಲ ಜ್ಞಾನ ಹೇಳುವಾಗಲೂ ಇದು ತನ್ನ ಕುಲದಿಂದ ಬಂದ ಕಸುಬು, ಹಿಂದಿನ ಜನ್ಮದ ಕರ್ಮದ ಫಲ, ಬಿಡಲಾಗದು ಎನ್ನುತ್ತಾನೆ. ಕೌಶಿಕ ಕೇಳಿ ಮನೆಗೆ ಹೋದ. ವ್ಯಾಧ ಅಂಗಡಿಯಲ್ಲೇ ಉಳಿದ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಪ್ರಾಥಮಿಕ ಶಾಲೆಯ ಪಾಠವನ್ನು ದಿನಕ್ಕೆ ಮೂರು ತಾಸಿಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಅಪ್ಪಂದಿರ ಕಸುಬು ಕಲಿಯಲಿ ಎಂದರು. ಇದು ಕುಲಕಸುಬಿನ ಶಿಕ್ಷಣ ಎಂದು ದ್ರಾವಿಡ ಚಳವಳಿ ಸಿಡಿದೆದ್ದಿತು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಯೋಜನೆಯೂ ಹೋಯಿತು. ಕೈಕೆಲಸದ ಹಿರಿಮೆಯನ್ನು ಆ ಕಸುಬಿನವರ ಮಕ್ಕಳಿಗೆ ಮಾತ್ರ ಬೋಧಿಸಿದರೆ ಅದು ಹೊಗಳಿಕೆಯ ಹಗ್ಗವಾಗುತ್ತದೆ. ಚಳವಳಿಯವರ ಸಿಟ್ಟು ನ್ಯಾಯವಾದದ್ದು.

ಎಲ್ಲ ಮನೆಗಳ ಮಕ್ಕಳನ್ನು ಗುಂಪಾಗಿ ಕರೆದೊಯ್ಯುವುದರ ಬೆಲೆ ತಿಳಿಯುವುದು ಇಲ್ಲೇ. ನೇಕಾರರ ಹುಡುಗಿ, ತಹಶೀಲ್ದಾರರ ಮಗ, ದರ್ಗಾ ಬೀದಿಯ ಹುಡುಗ ಒಟ್ಟಿಗೇ ಮಗ್ಗದ ಮುಂದೆ ಕೂತು, ಮಾರನೇ ವಾರ ಒಟ್ಟಿಗೇ ವಿದ್ಯುತ್ ಉಪಕೇಂದ್ರಕ್ಕೆ ಹೋದರೆ ಕಸುಬಿಗೂ ಹುಟ್ಟಿಗೂ ಇರುವ ನಂಟು ಸ್ವಲ್ಪವಾದರೂ ಸಡಿಲವಾಗುತ್ತದೆ. ಫ್ರಾನ್ಸಿನ ಸೆಲೆಸ್ತೆನ್ ಫ್ರೆನೆ ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ತಿಂದು ಬಂದ ಹಳ್ಳಿ ಮೇಷ್ಟ್ರು, ಬಹಳ ಹೊತ್ತು ಮಾತಾಡಲಾರದವನು. 1920ರ ದಶಕದಲ್ಲಿ ಆತ ತರಗತಿಯನ್ನೇ ನೇಕಾರ, ಬಡಗಿಗಳ ಬಳಿಗೆ ನಡೆಸಿಕೊಂಡು ಹೋದ. ಮಕ್ಕಳು ಕಂಡದ್ದನ್ನು ಬರೆದರು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿದರು.

ಪಾವಗಡದ ಮಕ್ಕಳಿಗೆ ಕಷ್ಟದ ಪಾಠವೊಂದು ತಿರುಮಣಿಯಲ್ಲಿದೆ. ಅಲ್ಲಿನ ಸೌರ ಪಾರ್ಕು 2018ರಲ್ಲಿ ಉದ್ಘಾಟನೆಯಾಯಿತು: ಸುಮಾರು 13,000 ಎಕರೆ, 2,050 ಮೆಗಾವಾಟ್, ಐದು ಹಳ್ಳಿಗಳ ಜಮೀನು. ಸರ್ಕಾರ ಭೂಮಿ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿಯಿತು. ಶೇಂಗಾ ಬಿತ್ತಿ ಮಳೆಗೆ ಕಾದು ಸೋತ ರೈತನಿಗೆ ಇದು ಖಾತ್ರಿ ದುಡ್ಡು. ತೆಗೆದುಕೊಳ್ಳಬೇಡ ಎಂದು ಅವನಿಗೆ ಹೇಳಲು ಯಾರಿಗೂ ಹಕ್ಕಿಲ್ಲ. ಆದರೂ ಪಲಕಗಳ ಸಾಲಿನ ನಡುವೆ ಕಾಣುವ ಕೈಗಳು ಕಡಿಮೆ: ಗಾಜು ತೊಳೆಯುವವರು, ಹುಲ್ಲು ಕತ್ತರಿಸುವವರು, ಕಾವಲಿನವರು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆ ಹಣವಿಲ್ಲ, ಕುರಿಗಾಹಿಗೆ ಬಯಲಿಲ್ಲ. ಬೆವರಿಲ್ಲದೆ ಬರುವ ಬಾಡಿಗೆ ಕಾಯಕವೇ ಎಂದು ಏಳನೇ ತರಗತಿಯ ಹುಡುಗಿ ಕೇಳಿದರೆ ಮೇಷ್ಟ್ರು ಬಸ್ಸಿನ ಟೈಮು ನೋಡಬಾರದು. ಶರಣರನ್ನೇ ಕೇಳಿದರೆ, ಬಂದದ್ದರಲ್ಲಿ ದಾಸೋಹಕ್ಕೆ ಎಷ್ಟು ಹೋಯಿತು ಎಂದು ಅವರು ಮರುಪ್ರಶ್ನೆ ಹಾಕಿಯಾರು.

ಆಯ್ದಕ್ಕಿ ಮಾರಯ್ಯ ಬಸವಣ್ಣನ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಮಿಕ್ಕದ್ದನ್ನು ಹಿಂದಿರುಗಿಸಿ ಬಾ ಎಂದು ಕಳಿಸಿದಳು. ಈ ಲೆಕ್ಕ, ಕಸುಬು ನೋಡಲು ಬಂದವರಿಗೂ ಸಲ್ಲುತ್ತದೆ. ಒಂದು ಕಂಬಳಿಗೆ ಇಷ್ಟು ಎಂದು ದುಡಿಯುವ ನೇಕಾರನ ಸುತ್ತ ನಲವತ್ತು ಮಕ್ಕಳು ಎರಡು ತಾಸು ಕೂತರೆ ಅಷ್ಟು ಹೊತ್ತು ಲಾಳಿ ಸರಿಯಾಗಿ ಓಡುವುದಿಲ್ಲ. ಪ್ರವಾಸದ ಖರ್ಚಿನ ಪಟ್ಟಿಯಲ್ಲಿ ಬಸ್ಸಿಗೆ, ಊಟಕ್ಕೆ, ಪ್ರವೇಶ ಶುಲ್ಕಕ್ಕೆ ಸಾಲುಗಳಿರುತ್ತವೆ. ನೇಕಾರನ ಎರಡು ತಾಸಿಗೂ ಒಂದು ಸಾಲು ಸೇರಿಸಬೇಕು. ಹಾರ, ಶಾಲು ಬೇಡ. ಕೂಲಿ ಎಂದೇ ಹೇಳಿ, ಮಕ್ಕಳೇ ಎಣಿಸಿ ಕೊಡಲಿ.